ಕಾಡಂಚಿನಲ್ಲಿ ಟೆಂಟ್ ಹಾಕುವವರಿಗೆ: ಕೊಡಗಿನಲ್ಲಿ ಕರಡಿಯಿಂದ ಕ್ಯಾಂಪ್ ಕಾಪಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಒಂದು ಬೆಲ್ಲದ ಡಬ್ಬಿ ಇವತ್ತಿಗೂ ನಮ್ಮ ಮನೆಯ ಅಟ್ಟದಲ್ಲಿದೆ. ಎರಡು ಕೆಜಿ ಹಿಡಿಯುವ ಸ್ಟೀಲ್ ಡಬ್ಬಿ. ಮುಚ್ಚಳದ ಒಂದು ಕಡೆ ಒಳಕ್ಕೆ ಬಗ್ಗಿದೆ. ಮೈಮೇಲೆ ನಾಲ್ಕು ಗೀರು, ಬಾಚಣಿಗೆ ಎಳೆದ ಹಾಗೆ ಸಾಲಾಗಿ. ದಕ್ಷಿಣ ಕೊಡಗಿನ ಕುಟ್ಟದ ಕಡೆ ಚಿಕ್ಕಪ್ಪನ ಕಾಫಿ ತೋಟದ ಮೇಲಿನ ಬಾಣೆಯಲ್ಲಿ (ತೋಟಕ್ಕೆ ಸೇರಿದ ಹುಲ್ಲು, ಮರಗಳ ಗುಡ್ಡದ ಜಾಗ) ನಾವು ಐದು ಜನ ಟೆಂಟ್ ಹಾಕಿದ್ದೆವು. ಡಿಸೆಂಬರ್ ತಿಂಗಳು. ಮಲಗುವ ಮುಂಚೆ ಬೆಲ್ಲದ ಕಾಫಿ ಮಾಡಿ ಕುಡಿದೆವು. ಡಬ್ಬಿಯನ್ನು ಒಲೆಕಲ್ಲಿನ ಪಕ್ಕದಲ್ಲೇ ಬಿಟ್ಟು ಮಲಗಿದೆವು. ಟೆಂಟಿಗೂ ಒಲೆಗೂ ಹತ್ತು ಹೆಜ್ಜೆ.

ನಡುರಾತ್ರಿ ಎಚ್ಚರ ಆಯಿತು. ಹೊರಗೆ ಯಾರೋ ಊದುಗೊಳವೆಯಲ್ಲಿ ಒಲೆ ಊದುತ್ತಿರುವ ಹಾಗೆ ಶಬ್ದ. ಉಫ್, ಉಫ್. ಆಮೇಲೆ ಸೊರ್ ಅಂತ ಏನನ್ನೋ ಹೀರುವ ಶಬ್ದ. ತಮ್ಮ ಎದ್ದು ಬೆಂಕಿ ಹೊತ್ತಿಸುತ್ತಿದ್ದಾನೆ ಅಂದುಕೊಂಡೆ. ಕೈ ಚಾಚಿದರೆ ತಮ್ಮ ಪಕ್ಕದಲ್ಲೇ ಮಲಗಿದ್ದಾನೆ. ಆಮೇಲೆ ಬೆಳಗಾಗುವ ತನಕ ನಾನು ಅಲ್ಲಾಡಲಿಲ್ಲ.

ಬೆಳಗ್ಗೆ ನೋಡಿದರೆ ಬೂದಿಯಲ್ಲಿ ಬರಿಗಾಲಿನ ಹೆಜ್ಜೆ, ಥೇಟ್ ಮನುಷ್ಯರ ಪಾದದ ಹಾಗೆ. ಆದರೆ ಬೆರಳುಗಳ ಮುಂದೆ, ಸ್ವಲ್ಪ ದೂರದಲ್ಲಿ, ಉಗುರು ಊರಿದ ಗುಳಿಗಳು. ಡಬ್ಬಿ ಕಾಫಿ ಗಿಡದ ಬುಡದಲ್ಲಿ ಬಿದ್ದಿತ್ತು, ಒಳಗೆ ತೊಳೆದಿಟ್ಟಷ್ಟು ಸ್ವಚ್ಛ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹೊತ್ತಿಗೆ ಒಬ್ಬರು ಮೂತ್ರಕ್ಕೆ ಅಂತ ಝಿಪ್ ಎಳೆದು ಹೊರಗೆ ಬಂದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಅದಾದ ಮೇಲೆ ಪ್ರತಿ ಚಳಿಗಾಲ ನಾನು ನೆಂಟರನ್ನು, ಸ್ನೇಹಿತರನ್ನು ಕರೆದುಕೊಂಡು ಹೋಗಿ ಟೆಂಟ್ ಹಾಕುತ್ತೇನೆ. ಹಾಕುವ ಕ್ರಮ ಮಾತ್ರ ಪೂರ್ತಿ ಬದಲಾಗಿದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ನಮ್ಮ ಕರಡಿ ಎಂಥದ್ದು

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಜಾಸ್ತಿ ಅಮೆರಿಕದ ಕರಡಿಗಳ ಬಗ್ಗೆ. ಅಲ್ಲಿ ಊಟದ ಚೀಲವನ್ನು ಮರಕ್ಕೆ ನೇತುಹಾಕಿ ಅನ್ನುತ್ತಾರೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಯ್ಯಿರಿ ಅನ್ನುತ್ತಾರೆ, ಖಾರದ ಸ್ಪ್ರೇ ಇಟ್ಟುಕೊಳ್ಳಿ ಅನ್ನುತ್ತಾರೆ. ಅದರಲ್ಲಿ ಕೆಲವು ಇಲ್ಲಿಗೂ ಹೊಂದುತ್ತವೆ, ಕೆಲವು ಹೊಂದುವುದಿಲ್ಲ. ನಮ್ಮದು ಜುಂಗು ಕೂದಲಿನ ಕಪ್ಪು ಕರಡಿ, ಎದೆಯ ಮೇಲೆ ಬೆಳ್ಳಗೆ 'ವಿ' ಆಕಾರದ ಪಟ್ಟಿ. ಚೆನ್ನಾಗಿ ಬೆಳೆದ ಗಂಡು 140 ಕೆಜಿಯವರೆಗೆ ತೂಗುತ್ತದೆ. ಅದರ ಮುಖ್ಯ ಆಹಾರ ಗೆದ್ದಲು, ಇರುವೆ, ಹಣ್ಣು, ಜೇನು. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಅದಕ್ಕೆ ಇರುವುದಿಲ್ಲ. ಹುತ್ತ ಅಗೆದು, ಉಫ್ ಅಂತ ಊದಿ ಮಣ್ಣು ಹಾರಿಸಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಹಲ್ಲಿನ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ನಾನು ಆ ರಾತ್ರಿ ಕೇಳಿದ್ದು ಅದೇ ಶಬ್ದ. ಬೆಲ್ಲಕ್ಕೆ ಇರುವೆಯೂ ಮುತ್ತಿತ್ತು. ಕಾಡು ನಿಶ್ಶಬ್ದವಾಗಿದ್ದರೆ ಈ ಶಬ್ದ ನೂರು ಮೀಟರ್ ಆಚೆಗೂ ಕೇಳುತ್ತದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಇನ್ನೂ ಮೂರು ವಿಷಯ ತಿಳಿದಿರಬೇಕು. ಒಂದು, ಇದರ ಮೂಗು ಬಹಳ ಚುರುಕು, ಕಣ್ಣು ಮತ್ತು ಕಿವಿ ಮಂದ. ತಿನ್ನುವುದರಲ್ಲಿ ಮುಳುಗಿದ್ದರೆ ನೀವು ಹತ್ತಿರ ಬರುವ ತನಕ ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡು, ಹುಲಿ ಇರುವ ಕಾಡಿನಲ್ಲಿ ಬದುಕಿ ಬಂದ ಪ್ರಾಣಿ ಇದು. ಬೆಚ್ಚಿದರೆ ಓಡುವುದಕ್ಕಿಂತ ಮೇಲೆ ಬೀಳುವುದೇ ಜಾಸ್ತಿ. ಮೂರು, ಚಳಿಗಾಲದಲ್ಲಿ ಇದು ನಿದ್ದೆಗೆ ಹೋಗುವುದಿಲ್ಲ. ನಾವು ಕ್ಯಾಂಪ್‌ಗೆ ಹೋಗುವ ತಿಂಗಳುಗಳಲ್ಲೇ ಅದಕ್ಕೆ ಮರಿ ಹುಟ್ಟುವುದು. ಒಂದೆರಡು ತಿಂಗಳಾದ ಮೇಲೆ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಾಯಿ ಓಡಾಡುತ್ತದೆ. ಮರಿ ಇರುವ ತಾಯಿಯಷ್ಟು ಅಪಾಯದ ಪ್ರಾಣಿ ಕಾಡಿನಲ್ಲಿ ಕಡಿಮೆ.

ಹಾಗಾಗಿ ನಮ್ಮ ಕೆಲಸ ಎರಡೇ. ಊಟದ ವಾಸನೆಯನ್ನು ಮಲಗುವ ಜಾಗದಿಂದ ದೂರ ಇಡಬೇಕು. ಕರಡಿಗೆ ದಿಢೀರ್ ಅಂತ ಎದುರಾಗಬಾರದು. ಕೆಳಗಿನ ಎಲ್ಲ ಹಂತಗಳೂ ಈ ಎರಡಕ್ಕೇ. ಎಲ್ಲವನ್ನೂ ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು. ಕತ್ತಲಾದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಹಂತ 1: ಜಾಗ ಮತ್ತು ಅನುಮತಿ

ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯ, ಮೀಸಲು ಅರಣ್ಯ, ಇಲ್ಲೆಲ್ಲ ನಮ್ಮಷ್ಟಕ್ಕೆ ನಾವು ಟೆಂಟ್ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಹೋಗುವುದಕ್ಕೇ ಅನುಮತಿ ಬೇಕು. ಬೆಂಕಿ ಹಾಕುವುದು ಅಪರಾಧ. ಚಾರಣಕ್ಕೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಬುಕ್ ಮಾಡಿ, ಹಗಲು ಹತ್ತಿ ಹಗಲೇ ಇಳಿದುಬಿಡಿ. ತಡಿಯಂಡಮೋಳ್ ಬೆಟ್ಟದ ಮೇಲೆ ನಕ್ಷತ್ರ ನೋಡುತ್ತಾ ಮಲಗಬೇಕು ಅನ್ನುವ ಆಸೆ ನನಗೂ ಇತ್ತು. ಬಿಟ್ಟುಬಿಟ್ಟೆ. ಅದು ಪ್ರಾಣಿಗಳ ಹೊತ್ತು, ಪ್ರಾಣಿಗಳ ಜಾಗ.

ಉಳಿದಿರುವುದು ಖಾಸಗಿ ಜಾಗ. ತೋಟ, ಬಾಣೆ, ಹೋಂಸ್ಟೇ ಹಿಂದಿನ ಹುಲ್ಲುಗಾವಲು. ಕೊಡಗಿನಲ್ಲಿ ತೋಟಕ್ಕೂ ಕಾಡಿಗೂ ನಡುವೆ ಎಷ್ಟೋ ಕಡೆ ಒಂದು ಕಂದಕ ಅಷ್ಟೇ ಇರುತ್ತದೆ. ತೋಟ ಅಂದ ಮಾತ್ರಕ್ಕೆ ಊರಿನ ಪಾರ್ಕ್ ಅಂದುಕೊಳ್ಳಬೇಡಿ. ತೋಟದವರ ಒಪ್ಪಿಗೆ ಫೋನಿನಲ್ಲಿ ಅಲ್ಲ, ಎದುರು ಕೂತು ತೆಗೆದುಕೊಳ್ಳಿ. ಹಾಗೆ ಕೂತಾಗ ಮೂರು ಪ್ರಶ್ನೆ ಕೇಳಿ. ಈ ತಿಂಗಳು ಆನೆ ಬಂದಿದೆಯಾ, ಯಾವ ದಾರಿಯಲ್ಲಿ? ಕರಡಿ ಯಾರಿಗಾದರೂ ಕಾಣಿಸಿದೆಯಾ? ರಾತ್ರಿ ಏನಾದರೂ ಆದರೆ ನಾವು ಯಾವ ಮನೆಯ ಬಾಗಿಲು ತಟ್ಟಬೇಕು?

ಮಾಲೀಕರಿಗಿಂತ ಇದು ಲೈನ್ ಮನೆಯವರಿಗೆ, ಅಂದರೆ ತೋಟದಲ್ಲೇ ಸಾಲುಮನೆಗಳಲ್ಲಿರುವ ಕೆಲಸಗಾರರಿಗೆ, ಚೆನ್ನಾಗಿ ಗೊತ್ತಿರುತ್ತದೆ. ಬೆಳಗಾಗುವ ಮುಂಚೆ ತೋಟದೊಳಗೆ ನಡೆಯುವವರು ಅವರು. ಹತ್ತು ನಿಮಿಷ ಅವರ ಹತ್ತಿರ ನಿಂತು ಮಾತಾಡಿ. ಹತ್ತಿರದ ಅರಣ್ಯ ಕಚೇರಿಗೂ ಒಂದು ಮಾತು ಹೇಳಿ. ಆನೆ ಎಲ್ಲಿದೆ ಅಂತ ಊರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸಂದೇಶ ಬರುತ್ತಿರುತ್ತದೆ. ತೋಟದವರ ಫೋನಿನಲ್ಲಿ ಅದನ್ನು ನೋಡಿಕೊಳ್ಳಿ.

ಕಾಲ ಯಾವುದು? ಮಳೆಗಾಲ ಬೇಡವೇ ಬೇಡ. ಜಿಗಣೆ ಒಂದು ಕಾರಣ. ಮಳೆಯ ಸದ್ದಿನಲ್ಲಿ ಪ್ರಾಣಿ ಹತ್ತಿರ ಬಂದರೂ ಕೇಳಿಸದು ಅನ್ನುವುದು ದೊಡ್ಡ ಕಾರಣ. ಹಲಸು ಹಣ್ಣಾಗುವ ಹೊತ್ತಿನಲ್ಲಿ ತೋಟದ ಒಳಗೆ ಟೆಂಟ್ ಹಾಕಬೇಡಿ. ಆನೆಗೂ ಕರಡಿಗೂ ಹಲಸು ಅಂದರೆ ಪ್ರಾಣ. ನನ್ನ ಲೆಕ್ಕದಲ್ಲಿ ನವೆಂಬರ್ ಕೊನೆಯಿಂದ ಫೆಬ್ರವರಿ ಒಳ್ಳೆಯದು. ಆಮೇಲೆ ಕಾಡಿಗೆ ಬೆಂಕಿ ಬೀಳುವ ದಿನಗಳು ಶುರುವಾಗುತ್ತವೆ.

ಹಂತ 2: ಹಗಲಲ್ಲೇ ಒಂದು ಸುತ್ತು

ಮಧ್ಯಾಹ್ನ 2 ಗಂಟೆಯೊಳಗೆ ಜಾಗ ತಲುಪಿ. ಬ್ಯಾಗ್ ಇಳಿಸಿ, ಟೆಂಟ್ ಬಿಚ್ಚುವ ಮುಂಚೆ, ಸುತ್ತ ಇನ್ನೂರು ಹೆಜ್ಜೆ ದೂರದವರೆಗೆ ನಡೆದು ನೋಡಿ. ಒಬ್ಬರೇ ಹೋಗಬೇಡಿ, ಮಾತಾಡುತ್ತಾ ಹೋಗಿ.

ಇದನ್ನು ನನಗೆ ಕಲಿಸಿದ್ದು ಜೇನುಕುರುಬರ ಹಾಡಿಯ ಒಬ್ಬ ಅಣ್ಣ, ಕಾಡಿನ ವಾಚರ್ ಆಗಿದ್ದವರು. ಒಂದು ಹುತ್ತದ ಹತ್ತಿರ ಕರೆದುಕೊಂಡು ಹೋದರು. ಅದರ ಒಂದು ಪಕ್ಕ ಪೂರ್ತಿ ಬಗೆದುಹೋಗಿತ್ತು. ಮಣ್ಣು ಒಂದೇ ಕಡೆ ರಾಶಿ ಬಿದ್ದಿತ್ತು. "ಕೈ ಇಟ್ಟು ನೋಡಿ" ಅಂದರು. ಒಳಗೋಡೆ ತೇವವಾಗಿತ್ತು, ತಣ್ಣಗಿತ್ತು. ಗೆದ್ದಲುಗಳು ಬಿರುಕಿನ ಅಂಚಿನಲ್ಲಿ ಗಡಿಬಿಡಿಯಿಂದ ಓಡಾಡುತ್ತಿದ್ದವು, ಒಂದೊಂದೂ ಸಾಸಿವೆಯಷ್ಟು ಹಸಿಮಣ್ಣು ತಂದು ಇಡುತ್ತಿದ್ದವು. "ಗೆದ್ದಲು ಸುಮ್ನೆ ಕೂರಲ್ಲ. ಒಡೆದ ಗೋಡೆ ಬೇಗ ಮುಚ್ಚಿಬಿಡುತ್ತೆ. ಇದು ಇನ್ನೂ ಮುಚ್ಚಿಲ್ಲ ಅಂದ್ರೆ ಇವತ್ತು ಬೆಳಗಿನ ಜಾವದ್ದು. ಇಲ್ಲಿ ಟೆಂಟ್ ಬೇಡ, ಬನ್ನಿ" ಅಂದರು. ನಾವು ಜಾಗ ಬದಲಿಸಿದೆವು.

ಹುತ್ತದ ಮೇಲೆ ಹೊಸ ಮಣ್ಣಿನ ತೇಪೆ ಒಣಗಿದ್ದರೆ ಅದು ಹಳೆಯ ಕೆಲಸ. ತೆರೆದೇ ಇದ್ದು ಗೆದ್ದಲು ಓಡಾಡುತ್ತಿದ್ದರೆ ಹೊಸದು. ಗೆದ್ದಲೇ ಇಲ್ಲದ, ಜೇಡ ಬಲೆ ಕಟ್ಟಿದ ಹುತ್ತ ಬಿಟ್ಟುಹೋದ ಹುತ್ತ.

ಬೇರೆ ಗುರುತುಗಳೂ ಇವೆ. ಕರಡಿಯ ಲದ್ದಿಯಲ್ಲಿ ಹಣ್ಣಿನ ಬೀಜ, ಮಣ್ಣು, ಗೆದ್ದಲಿನ ಚೂರು ಕಾಣುತ್ತದೆ. ಜೇನಿರುವ ಮರದ ತೊಗಟೆ ಮೇಲೆ ಉದ್ದುದ್ದ ಉಗುರಿನ ಗೀರು. ಹುಡಿಮಣ್ಣಿನಲ್ಲಿ, ಕೊಲ್ಲಿಯ (ಸಣ್ಣ ತೊರೆಯ) ಅಂಚಿನ ಕೆಸರಿನಲ್ಲಿ ಆ ಬರಿಗಾಲಿನಂಥ ಹೆಜ್ಜೆ. ಇವು ಹೊಸದಾಗಿ ಕಂಡರೆ ವಾದ ಬೇಡ, ಅವತ್ತು ಅಲ್ಲಿ ಮಲಗಬೇಡಿ.

ಅತ್ತಿ, ನೇರಳೆ, ಹಲಸು, ಕಕ್ಕೆ ಮರದ ಕೆಳಗೆ ಬೇಡ. ಹೆಜ್ಜೇನು ಕಟ್ಟಿದ ಮರದ ಹತ್ತಿರ ಬೇಡ, ಅದಕ್ಕೆ ಕರಡಿಯಷ್ಟೇ ಜೇನೂ ಕಾರಣ. ದೊಡ್ಡ ಬಂಡೆಗಳ ಸಂದಿ, ಗುಹೆ, ದಟ್ಟ ಲಂಟಾನ ಪೊದೆ ಇದ್ದ ಕಡೆ ಹಗಲಿನಲ್ಲಿ ಕರಡಿ ಮಲಗಿರುತ್ತದೆ. ಅಂಥ ಕಡೆಯಿಂದ ದೂರ ಇರಿ. ಬೈನೆ ಮರ ಆನೆಗೆ ಇಷ್ಟ. ನೀರಿಗೆ ಇಳಿಯುವ ದಾರಿ ಎಲ್ಲ ಪ್ರಾಣಿಗಳಿಗೂ ಸೇರಿದ್ದು. ನೀರು ಬೇಕು ಅಂತ ಕೊಲ್ಲಿಯ ಪಕ್ಕದಲ್ಲೇ ಟೆಂಟ್ ಹಾಕುವುದು ಎಲ್ಲರೂ ಮಾಡುವ ತಪ್ಪು. ಕ್ಯಾನ್‌ನಲ್ಲಿ ನೀರು ಹೊತ್ತು ತನ್ನಿ.

ಹಂತ 3: ಮಲಗುವುದು ಮೇಲೆ, ಅಡುಗೆ ಕೆಳಗೆ

ಗುಡ್ಡದ ಗಾಳಿಗೆ ಒಂದು ನಿಯಮ ಇದೆ. ಹಗಲು ಬಿಸಿಲಿಗೆ ಕಣಿವೆಯಿಂದ ಮೇಲಕ್ಕೆ ಏರುತ್ತದೆ. ಸೂರ್ಯ ಮುಳುಗಿದ ಮೇಲೆ ತಣ್ಣನೆ ಗಾಳಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ನೀರಿನ ಹಾಗೆ. ಹಾಗಾಗಿ ಅಡುಗೆ ಒಲೆ ಇಳಿಜಾರಿನ ಕೆಳಗೆ ಇರಲಿ, ಟೆಂಟ್ ಮೇಲೆ ಇರಲಿ. ರಾತ್ರಿ ಒಲೆಯ ವಾಸನೆ ಟೆಂಟಿನ ಕಡೆ ಬರದೆ ಕೆಳಗೆ ಹೋಗುತ್ತದೆ. ವಾಸನೆ ಹಿಡಿದು ಕೆಳಗಿನಿಂದ ಬಂದ ಕರಡಿಗೆ ಮೊದಲು ಸಿಗುವುದು ಖಾಲಿ ಒಲೆ, ಮಲಗಿದ ಮಕ್ಕಳಲ್ಲ. ಸಂಜೆ ಒಂದು ಚಿಟಿಕೆ ಒಣಬೂದಿ ಮೇಲಿನಿಂದ ಉದುರಿಸಿ ನೋಡಿ, ಗಾಳಿ ಯಾವ ಕಡೆ ಅಂತ ತಿಳಿಯುತ್ತದೆ.

ಎಷ್ಟು ದೂರ? ನೂರು ದೊಡ್ಡ ಹೆಜ್ಜೆ. ಟೆಂಟ್, ಅಡುಗೆ ಜಾಗ, ಊಟದ ಸಾಮಾನು ಇಡುವ ಜಾಗ, ಇವು ಮೂರೂ ಒಂದಕ್ಕೊಂದು ನೂರು ಹೆಜ್ಜೆ ದೂರ ಇದ್ದರೆ ತ್ರಿಕೋನ ಆಗುತ್ತದೆ. ಇದು ಹೊರದೇಶದವರ ಸಲಹೆಯೇ, ಇಲ್ಲಿಗೂ ಚೆನ್ನಾಗಿ ಹೊಂದುತ್ತದೆ. ಚಳಿಯಲ್ಲಿ ಒಲೆ ಹತ್ತಿರ ಇರಲಿ ಅಂತ ಎಲ್ಲರೂ ಗೊಣಗುತ್ತಾರೆ. ಒಪ್ಪಬೇಡಿ.

ಟೆಂಟುಗಳನ್ನು ಬಯಲಿನಲ್ಲಿ, ಒಂದೇ ಸಾಲಿಗೆ, ನಾಲ್ಕೈದು ಹೆಜ್ಜೆ ಬಿಟ್ಟು ಹಾಕಿ. ಸುತ್ತುಗಟ್ಟಿ ಹಾಕಿದರೆ ನಡುವೆ ನುಗ್ಗಿದ ಪ್ರಾಣಿಗೆ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ಪೊದೆಗೂ ಟೆಂಟಿಗೂ ಕನಿಷ್ಠ ಮೂವತ್ತು ಹೆಜ್ಜೆ ತೆರೆದ ಜಾಗ ಇರಲಿ. ಜೀಪನ್ನು ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಕೀಲಿ ಯಾರ ಹತ್ತಿರ ಇದೆ ಅನ್ನುವುದು ಎಲ್ಲರಿಗೂ ಗೊತ್ತಿರಲಿ.

ಟೆಂಟಿನಿಂದ ಹದಿನೈದು ಹೆಜ್ಜೆ ದೂರದಲ್ಲಿ, ಮೊಣಕಾಲಿನ ಎತ್ತರಕ್ಕೆ, ಸುತ್ತ ಒಂದು ತೆಳು ಹಗ್ಗ ಕಟ್ಟಿ. ಅದಕ್ಕೆ ಸೋಪು ಹಾಕಿ ತೊಳೆದ ಖಾಲಿ ಡಬ್ಬಿಗಳನ್ನು ಎರಡೆರಡಾಗಿ ತೂಗುಹಾಕಿ. ಇದು ಯಾವ ಪ್ರಾಣಿಯನ್ನೂ ತಡೆಯುವುದಿಲ್ಲ. ಆದರೆ ನಿಮಗೆ ಎಚ್ಚರ ಆಗುತ್ತದೆ, ಅದಕ್ಕೂ ಇಲ್ಲಿ ಜನ ಇದ್ದಾರೆ ಅಂತ ಗೊತ್ತಾಗುತ್ತದೆ. ತೋಟದ ಸೋಲಾರ್ ಬೇಲಿಯನ್ನು ನಂಬಿ ಕೂರಬೇಡಿ. ಅದು ಆನೆಗೆ ಅಂತ ಕಟ್ಟಿದ್ದು, ತಂತಿಯ ಕೆಳಗೆ ಕರಡಿ ನುಸುಳಿ ಬರುತ್ತದೆ.

ಹಂತ 4: ವಾಸನೆ

ಇಡೀ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಟೆಂಟಿನೊಳಗೆ ತಿನ್ನುವ ವಸ್ತು ಒಂದೂ ಇರಬಾರದು. ಒಂದು ಚಿಕ್ಕಿ ತುಂಡೂ ಬೇಡ. ಮಕ್ಕಳ ಜೇಬಿನಲ್ಲಿ ಚಾಕಲೇಟ್, ದೊಡ್ಡವರ ಬ್ಯಾಗಿನಲ್ಲಿ ಬಾಳೆಹಣ್ಣು, ಇನ್ಯಾರದೋ ಸೈಡ್ ಪಾಕೆಟ್‌ನಲ್ಲಿ ಕಡಲೆಮಿಠಾಯಿ ಇದ್ದೇ ಇರುತ್ತದೆ. ನಾನು ಸಂಜೆ 5 ಗಂಟೆಗೆ ಎಲ್ಲರ ಬ್ಯಾಗನ್ನೂ ಒಂದು ಟಾರ್ಪಾಲಿನ ಮೇಲೆ ಖಾಲಿ ಮಾಡಿಸುತ್ತೇನೆ. ಮುಜುಗರ ಪಡುತ್ತಾರೆ, ಆದರೂ ಮಾಡಿಸುತ್ತೇನೆ. ಪ್ರತಿ ಸಲವೂ ಏನಾದರೂ ಸಿಗುತ್ತದೆ.

ನಾವು ತಿನ್ನುವುದಷ್ಟೇ ಅಲ್ಲ, ಟೂತ್‌ಪೇಸ್ಟ್, ಸೋಪು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಮಗುವಿನ ಹಾಲಿನ ಬಾಟಲಿ, ಕೆಮ್ಮಿನ ಸಿರಪ್, ಇವೆಲ್ಲ ಕರಡಿಯ ಮೂಗಿಗೆ ಊಟವೇ. ಅಡುಗೆ ಮಾಡಿದವರು ಮಲಗುವ ಮುಂಚೆ ಬಟ್ಟೆ ಬದಲಿಸಬೇಕು. ಹೊಗೆ, ಎಣ್ಣೆ, ಮಸಾಲೆ ಹಿಡಿದ ಬಟ್ಟೆ ಸಾಮಾನಿನ ಜೊತೆಗೇ ಹೋಗಲಿ.

ಸಾಮಾನು ಎಲ್ಲಿ ಇಡುವುದು? ಒಳ್ಳೆಯದರಿಂದ ಶುರುಮಾಡಿ ಹೇಳುತ್ತೇನೆ. ತೋಟದ ಮನೆಯ ಸ್ಟೋರ್ ರೂಮ್, ಕಲ್ಲಿನ ಗೋಡೆ, ಗಟ್ಟಿ ಬಾಗಿಲು ಇದ್ದರೆ ಅದಕ್ಕಿಂತ ಬೇರೆ ಬೇಡ. ರಾತ್ರಿ ಊಟ ಆದ ಕೂಡಲೇ ಎಲ್ಲವನ್ನೂ ಅಲ್ಲಿಗೆ ಕಳಿಸಿ. ಅದಿಲ್ಲದಿದ್ದರೆ, ಬಿಗಿ ಮುಚ್ಚಳದ ದಪ್ಪ ಸ್ಟೀಲ್ ಡಬ್ಬಿಯೊಳಗೆ ಹಾಕಿ, ಗಾಜು ಏರಿಸಿದ ಜೀಪಿನಲ್ಲಿ, ಟೆಂಟಿನಿಂದ ದೂರ. ಕರಡಿಗೂ ಕೋತಿಗೂ ಇದು ಸಾಕು. ಆದರೆ ಆನೆ ಓಡಾಡುವ ಕಡೆ ಜೀಪೂ ಬೇಡ. ಉಪ್ಪು, ಅಕ್ಕಿ, ಬೆಲ್ಲದ ವಾಸನೆಗೆ ಆನೆ ಗೋಡೆಯನ್ನೇ ಒಡೆಯುತ್ತದೆ, ಜೀಪಿನ ಗಾಜು ಅದಕ್ಕೆ ಲೆಕ್ಕಕ್ಕಿಲ್ಲ.

ಮರಕ್ಕೆ ನೇತುಹಾಕುವ ಉಪಾಯ? ಇಲ್ಲಿ ನಾನು ಹೇಳುವುದಿಲ್ಲ. ನಮ್ಮ ಕರಡಿ ಜೇನಿಗೆ ಅಂತ ಮರ ಹತ್ತುವ ಪ್ರಾಣಿ. ಕೋತಿಗೆ ಮರವೇ ಮನೆ. ಆನೆಯ ಸೊಂಡಿಲು ನಾವು ಅಂದುಕೊಂಡದ್ದಕ್ಕಿಂತ ಎತ್ತರಕ್ಕೆ ಮುಟ್ಟುತ್ತದೆ. ಅಷ್ಟು ಕಷ್ಟಪಟ್ಟು ಹಗ್ಗ ಕಟ್ಟುವ ಬದಲು ಕಡಿಮೆ ಸಾಮಾನು ತನ್ನಿ.

ಪಂದಿ ಕರಿ (ಹಂದಿಮಾಂಸದ ಸಾರು) ಇಲ್ಲದ ಕ್ಯಾಂಪನ್ನು ನಮ್ಮ ಕಡೆಯವರು ಒಪ್ಪುವುದಿಲ್ಲ, ಗೊತ್ತು. ನನಗೂ ಅದು ಬೇಕು. ಆದರೆ ಆ ಕೊಬ್ಬಿನ, ಹುರಿದ ಮಸಾಲೆಯ, ಕಾಚಂಪುಳಿ ಅನ್ನುವ ಕಪ್ಪು ಹುಳಿಯ ಘಮ ರಾತ್ರಿ ಎಷ್ಟು ದೂರ ಹೋಗುತ್ತದೆ ಯೋಚಿಸಿ. ನಾವು ಈಗ ಮಧ್ಯಾಹ್ನವೇ ತೋಟದ ಮನೆಯ ಜಗಲಿಯಲ್ಲಿ ಕರಿ, ಕಡಂಬುಟ್ಟು (ಅಕ್ಕಿ ಕಡುಬು) ಹೊಟ್ಟೆತುಂಬಾ ತಿಂದು, ಕೈತೊಳೆದು ಮೇಲೆ ಹತ್ತುತ್ತೇವೆ. ರಾತ್ರಿಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಚಟ್ನಿ, ಕರಿ ಕಾಫಿ. ಎಣಿಸಿ ತರುತ್ತೇವೆ, ಒಬ್ಬರಿಗೆ ನಾಲ್ಕು ಒಟ್ಟಿ. ಉಳಿಯುವುದೇ ಇಲ್ಲ, ಹಾಗಾಗಿ ಬಿಸಾಡುವುದಕ್ಕೂ ಇರುವುದಿಲ್ಲ.

ಹಂತ 5: ಅಡುಗೆ, ಪಾತ್ರೆ, ಕಸ

ಬೆಳಕಿರುವಾಗಲೇ ಬೇಯಿಸಿ, ಬೆಳಕಿರುವಾಗಲೇ ಉಣ್ಣಿ. ಸಂಜೆ ಆರು ಗಂಟೆಗೆ ಪಾತ್ರೆ ತೊಳೆದು ಮುಗಿದಿರಬೇಕು. ಬೆಂಕಿ ಬೇಕೆಂದರೆ ಮಾಲೀಕರನ್ನು ಕೇಳಿ, ಸುತ್ತಲಿನ ಒಣ ಎಲೆ ಗುಡಿಸಿ, ಚಿಕ್ಕದಾಗಿ ಮಾಡಿ. ಗ್ಯಾಸ್ ಒಲೆಯಾದರೆ ಇನ್ನೂ ಒಳ್ಳೆಯದು.

ಪಾತ್ರೆ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಉಳಿದ ಅಗುಳು ಕಸದ ಚೀಲಕ್ಕೆ. ನೀರು ಟೆಂಟಿನಿಂದ ದೂರ, ಇಳಿಜಾರಿನ ಕೆಳಗೆ, ಚದುರಿಸಿ ಚೆಲ್ಲಿ. ಕೊಲ್ಲಿಗೆ ಬೇಡ, ಕೆಳಗೆ ಅದೇ ನೀರನ್ನು ಯಾರೋ ಕುಡಿಯುತ್ತಾರೆ. ಕಸವನ್ನು ಹೂಳಬೇಡಿ. ಹೂತದ್ದನ್ನು ಕಾಡುಹಂದಿ ಒಂದೇ ರಾತ್ರಿಯಲ್ಲಿ ಎತ್ತಿಹಾಕುತ್ತದೆ. ಬೆಂಕಿಗೂ ಹಾಕಬೇಡಿ, ಅರೆಬೆಂದ ಮೂಳೆಯ ವಾಸನೆ ಇನ್ನೂ ಜಾಸ್ತಿ. ಕಸದ ಚೀಲ ಎರಡು ಪದರ ಕಟ್ಟಿ, ಊಟದ ಸಾಮಾನಿನ ಜೊತೆಗೇ ಇಡಿ.

ಹಂತ 6: ರಾತ್ರಿ

ಎಲ್ಲರಿಗೂ ಒಂದು ಟಾರ್ಚ್, ತಲೆದಿಂಬಿನ ಪಕ್ಕ. ಇಡೀ ಕ್ಯಾಂಪಿಗೆ ಒಂದು ಸೀಟಿ. ಹೊರಗೆ ಒಂದು ಚಿಕ್ಕ ದೀಪ ರಾತ್ರಿ ಪೂರ್ತಿ ಉರಿಯಲಿ. ಬೆಂಕಿ ಕಂಡರೆ ಪ್ರಾಣಿ ಬರುವುದಿಲ್ಲ ಅನ್ನುವ ನಂಬಿಕೆ ಬೇಡ. ಆರಿದ ಬೂದಿಯಲ್ಲೇ ನಾನು ಹೆಜ್ಜೆ ನೋಡಿದ್ದು.

ಮೂತ್ರಕ್ಕೆ ಏಳುವುದು ರಾತ್ರಿಯ ದೊಡ್ಡ ಅಪಾಯ. ಒಬ್ಬರೇ ಹೋಗಬಾರದು. ಝಿಪ್ ತೆಗೆಯುವ ಮುಂಚೆ ಒಂದು ನಿಮಿಷ ಕಿವಿಗೊಟ್ಟು ಕೇಳಿ. ಊದುವ, ಹೀರುವ, ಕೆರೆಯುವ ಶಬ್ದ ಇದೆಯಾ? ಆಮೇಲೆ ಒಳಗಿನಿಂದಲೇ ಕೆಮ್ಮಿ, ಮಾತಾಡಿ, ಚಪ್ಪಾಳೆ ತಟ್ಟಿ. ಟಾರ್ಚನ್ನು ಸುತ್ತ ನಿಧಾನವಾಗಿ ಹಾಯಿಸಿ, ಆಮೇಲೆ ಹೆಜ್ಜೆ ಇಡಿ. ಕೋಲನ್ನು ನೆಲಕ್ಕೆ ಕುಟ್ಟುತ್ತಾ ಹೋಗಿ. ಅದರ ಕಿವಿ ಮಂದ ಅಂದೆನಲ್ಲ, ಸದ್ದು ಸ್ವಲ್ಪ ಜೋರಾಗಿಯೇ ಇರಲಿ. ಮಕ್ಕಳಿಗೆ, ವಯಸ್ಸಾದವರಿಗೆ ಟೆಂಟಿನ ಬಾಗಿಲಲ್ಲೇ ಒಂದು ಬಕೆಟ್ ಇಟ್ಟರೆ ತಪ್ಪೇನಿಲ್ಲ.

ನಾಯಿಯನ್ನು ಕರೆತರಬೇಡಿ. ನಾಯಿ ಕರಡಿಯನ್ನು ಬೊಗಳಿ ಕೆಣಕುತ್ತದೆ, ಕರಡಿ ತಿರುಗಿದ ಕೂಡಲೇ ಓಡಿ ನಿಮ್ಮ ಹತ್ತಿರವೇ ಬರುತ್ತದೆ, ಹಿಂದೆ ಕರಡಿ. ಚಿರತೆಗೂ ನಾಯಿ ಅಂದರೆ ಆಸೆ. ಕುಡಿತವೂ ಬೇಡ. ಎಚ್ಚರ ತಪ್ಪುತ್ತದೆ ಅನ್ನುವುದು ಒಂದು. ಕತ್ತಲಲ್ಲಿ ಒಬ್ಬರೇ ಎದ್ದು ನಡೆಯುವ ಧೈರ್ಯ ಬರುತ್ತದೆ ಅನ್ನುವುದು ಅದಕ್ಕಿಂತ ಕೆಟ್ಟದ್ದು. ಪಟಾಕಿ ಹೊಡೆಯಬೇಡಿ. ಬೆದರಿದ ಆನೆ ಪಕ್ಕದ ಲೈನ್ ಮನೆಗೆ ನುಗ್ಗಿದರೆ ಆ ಪಾಪ ನಿಮ್ಮದು.

ಹಂತ 7: ಕರಡಿ ಕಂಡರೆ

ದೂರದಲ್ಲಿದೆ, ನಿಮ್ಮನ್ನು ನೋಡಿಲ್ಲ ಅಂದರೆ ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದೆ ಹೋಗಿ. ಫೋಟೋ ಬೇಡ.

ನೋಡಿಬಿಟ್ಟಿದೆ ಅಂದರೆ ನಿಂತುಬಿಡಿ. ಓಡಬೇಡಿ, ಅದು ನಿಮಗಿಂತ ವೇಗ. ಮರ ಹತ್ತಬೇಡಿ, ಅದಕ್ಕೂ ಹತ್ತಲು ಬರುತ್ತದೆ. ಎಲ್ಲರೂ ಒತ್ತಾಗಿ ನಿಲ್ಲಿ, ಮಕ್ಕಳು ನಡುವೆ. ಮೆಲ್ಲನೆ, ಒಂದೇ ದನಿಯಲ್ಲಿ ಮಾತಾಡುತ್ತಾ, ಅದರ ಕಡೆಗೇ ಮುಖ ಇಟ್ಟು, ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಹಿಂಗಾಲಲ್ಲಿ ಎದ್ದು ನಿಂತರೆ ಅದು ವಾಸನೆ ಹಿಡಿಯುವುದಕ್ಕೆ, ಇದು ಏನು ಅಂತ ತಿಳಿಯುವುದಕ್ಕೆ. ಅದರ ದಾರಿ ಬಿಟ್ಟುಕೊಡಿ. ಮರಿ ಕಂಡರೆ ತಾಯಿಗೂ ಮರಿಗೂ ನಡುವೆ ಹೋಗಲೇಬೇಡಿ.

ನುಗ್ಗಿ ಬಂದರೂ ಎಷ್ಟೋ ಸಲ ಅರ್ಧದಲ್ಲಿ ನಿಲ್ಲುತ್ತದೆ. ಗುಂಪಾಗಿದ್ದರೆ ಚದುರಬೇಡಿ, ಒಟ್ಟಿಗೆ ನಿಂತು ಗದರಿಸಿ, ಕೋಲು ಮುಂದೆ ಹಿಡಿಯಿರಿ. ಚದುರಿ ಓಡಿದರೆ ಹಿಂದೆ ಬಿದ್ದವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ. ಎರಡು ಕೈಯ ಬೆರಳುಗಳನ್ನು ಕುತ್ತಿಗೆಯ ಹಿಂದೆ ಹೆಣೆದು, ಮೊಣಕೈಗಳಿಂದ ಮುಖ ಮುಚ್ಚಿಕೊಳ್ಳಿ. ಕರಡಿಯಿಂದ ಆಗುವ ಕೆಟ್ಟ ಗಾಯಗಳು ಮುಖಕ್ಕೆ, ತಲೆಗೆ. ಬ್ಯಾಗ್ ಬೆನ್ನ ಮೇಲೆ ಇದ್ದರೆ ತೆಗೆಯಬೇಡಿ, ಅದು ರಕ್ಷಣೆ. ಶಾಲೆಯಲ್ಲಿ ಓದಿದ ಇಬ್ಬರು ಗೆಳೆಯರ ಕಥೆಯಲ್ಲಿ ಸತ್ತಂತೆ ಮಲಗಿದವನನ್ನು ಕರಡಿ ಮೂಸಿ ಹೋಗುತ್ತದೆ ಅಲ್ವಾ. ಕಥೆಯನ್ನು ನಂಬಿ ಅಂಗಾತ ಮಲಗಬೇಡಿ. ಮುಖ ಕೆಳಗೆ ಇರಲೇಬೇಕು. ಅದು ದೂರ ಹೋದ ಮೇಲೂ ಸ್ವಲ್ಪ ಹೊತ್ತು ಏಳಬೇಡಿ.

ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸುವುದು ಮೊದಲ ಕೆಲಸ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತೋಟದ ಕಚ್ಚಾ ರಸ್ತೆಯಲ್ಲಿ ಬರಲಿ ಅಂತ ಕಾಯಬೇಡಿ, ಜೀಪಿನಲ್ಲಿ ಮುಖ್ಯರಸ್ತೆಗೆ ತನ್ನಿ. ಕುಟ್ಟದ ಕಡೆಯವರು ನೆನಪಿಡಿ, ರಾತ್ರಿ ನಾಗರಹೊಳೆ ಕಾಡಿನ ರಸ್ತೆಗೆ ಗೇಟ್ ಹಾಕಿರುತ್ತಾರೆ. ಗೋಣಿಕೊಪ್ಪ, ವಿರಾಜಪೇಟೆ ಕಡೆಗೇ ಹೊರಡಿ. ಗೀರು ಸಣ್ಣದಾದರೂ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ರೇಬಿಸ್ ಮತ್ತು ಟಿಟಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಅವತ್ತೇ ಕೇಳಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿಗೆ 112.

ಆನೆಯ ಮಾತು

ಕರಡಿ ಅಂತ ಶುರುಮಾಡಿದರೂ ಕೊಡಗಿನಲ್ಲಿ ಆನೆ ಬಿಟ್ಟು ಮುಗಿಸಲು ಆಗುವುದಿಲ್ಲ. ತೋಟದಲ್ಲಿ ಜನ ಸಾಯುತ್ತಿರುವುದು ಜಾಸ್ತಿ ಆನೆಯಿಂದ. ಹೊಸ ಲದ್ದಿ, ಜಗ್ಗಿದ ಬೇಲಿತಂತಿ, ಮುರಿದ ಬೈನೆ, ಇವು ಕಂಡರೆ ಕ್ಯಾಂಪ್ ಅವತ್ತಿಗೆ ರದ್ದು. ಲದ್ದಿ ಹೊಳೆಯುತ್ತಾ ಬೆಚ್ಚಗಿದ್ದರೆ ಆನೆ ಹತ್ತಿರದಲ್ಲೇ ಇದೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಒಂದು ಹಗ್ಗದಲ್ಲಿ ಅಳೆದು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ ಸಿಗುತ್ತದೆ. ಒಮ್ಮೆ ಅಳೆದರೆ ಸಾಕು, ಟೆಂಟಿನ ಬಟ್ಟೆ ಎಷ್ಟು ತೆಳು ಅಂತ ಅರ್ಥ ಆಗುತ್ತದೆ.

ರಾತ್ರಿ ಕೊಂಬೆ ಮುರಿಯುವ ಶಬ್ದ, ಹೊಟ್ಟೆ ಗುಡುಗುಡು ಅನ್ನುವ ಶಬ್ದ ಕೇಳಿದರೆ ಕಿರುಚದೆ ಎಲ್ಲರನ್ನೂ ಎಬ್ಬಿಸಿ. ಟಾರ್ಚನ್ನು ಅದರ ಕಣ್ಣಿಗೆ ಬಿಡಬೇಡಿ. ಶಬ್ದ ಬರುವ ಕಡೆಯಿಂದ ದೂರಕ್ಕೆ, ಮೊದಲೇ ನೋಡಿಟ್ಟ ಮನೆಗೆ ಒಟ್ಟಾಗಿ ನಡೆಯಿರಿ. ಬ್ಯಾಗ್, ಟೆಂಟ್, ಫೋನ್ ಅಲ್ಲೇ ಇರಲಿ. ಅಟ್ಟಿಸಿಕೊಂಡು ಬಂದರೆ ದಪ್ಪ ಮರದ, ಬಂಡೆಯ ಹಿಂದೆ ಮರೆಯಾಗಿ, ಕೈಯಲ್ಲಿದ್ದ ಶಾಲನ್ನೋ ಚೀಲವನ್ನೋ ಹಿಂದಕ್ಕೆ ಎಸೆಯಿರಿ. ಅದನ್ನು ತುಳಿಯಲು ನಿಂತರೆ ನಿಮಗೆ ಸ್ವಲ್ಪ ಹೊತ್ತು ಸಿಗುತ್ತದೆ.

ಹಂತ 8: ಬೆಳಗ್ಗೆ

ಮಂಜು ಕರಗುವ ತನಕ ಟೆಂಟಿನಿಂದ ದೂರ ಹೋಗಬೇಡಿ. ಪ್ರಾಣಿಗಳು ಕಾಡಿಗೆ ಮರಳುವ ಹೊತ್ತು ಅದು. ಬೆಳಕಾದ ಮೇಲೆ ಡಬ್ಬಿ ಕಟ್ಟಿದ ಹಗ್ಗದ ಸುತ್ತ ಒಂದು ಸಲ ನಡೆದು ಹೆಜ್ಜೆ ನೋಡಿ. ಒಲೆಯ ಬೂದಿಗೆ ನೀರು ಹಾಕಿ, ಕೈ ಇಟ್ಟರೆ ತಣ್ಣಗಿರುವ ತನಕ ಕಲಸಿ. ಆಮೇಲೆ ಎಲ್ಲರೂ ಸಾಲಾಗಿ ನಿಂತು, ನೆಲ ನೋಡುತ್ತಾ ಜಾಗದ ಒಂದು ತುದಿಯಿಂದ ಇನ್ನೊಂದು ತುದಿಗೆ ಬನ್ನಿ. ಒಟ್ಟಿಯ ಚೂರು, ಕಿತ್ತಳೆ ಸಿಪ್ಪೆ, ಚಾಕಲೇಟ್ ಹಾಳೆ, ಎಲ್ಲ ಚೀಲಕ್ಕೆ. ಒಮ್ಮೆ ರುಚಿ ಸಿಕ್ಕ ಕರಡಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ನಾವು ಊರು ಸೇರಿರುತ್ತೇವೆ. ಅಲ್ಲಿ ಇರುವುದು ಕಾಫಿ ಕುಯ್ಯಲು ಬಂದ ಹೆಂಗಸರು, ಅವರ ಜೊತೆ ಬಂದ ಮಕ್ಕಳು.

ಬೆಲ್ಲದ ಡಬ್ಬಿಯ ಮರುದಿನ ಬೆಳಗ್ಗೆ ನಾವು ಆ ಹೆಜ್ಜೆಗಳನ್ನು ನೋಡಿ, ಫೋಟೋ ತೆಗೆದು, ಹಾಗೇ ಹೊರಟುಬಂದಿದ್ದೆವು. ಲೈನ್ ಮನೆಯವರಿಗೆ ಹೇಳುವುದು ಹೊಳೆಯಲೇ ಇಲ್ಲ. ಅವತ್ತು ಅದೇ ಬಾಣೆಯ ಕೆಳಗಿನ ಸಾಲಿನಲ್ಲಿ ಕುಯ್ಲು ಇತ್ತು ಅಂತ ಸಂಜೆ ಚಿಕ್ಕಪ್ಪ ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಈಗ ಇಳಿಯುವಾಗ ಮೊದಲು ಲೈನ್ ಮನೆಯ ಮುಂದೆ ನಿಲ್ಲುತ್ತೇವೆ. ಜನ ತೋಟಕ್ಕೆ ಹೊರಡುವುದರೊಳಗೆ, ಯಾವ ಹುತ್ತ ಒಡೆದಿದೆ, ಹೆಜ್ಜೆ ಯಾವ ಕಡೆಗೆ ಹೋಗಿದೆ ಅಂತ ಮೇಸ್ತ್ರಿಗೆ ತೋರಿಸಿ, ಆಮೇಲೆ ಜೀಪ್ ಹತ್ತುತ್ತೇವೆ.